ಎರಡೂಕಾಲಿಗೆ ಸದ್ದಾಗುವ ಚಿಲಕ

(ಗುರುತು ಸಿಗದಂತೆ ಹೆಸರು, ವಯಸ್ಸು, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ನಿದ್ದೆ ಬಾರದವರಿಗೆ ಮಾತ್ರೆಯಿಲ್ಲದ ಚಿಕಿತ್ಸೆ ಕೊಡುವ ನನ್ನ ಬಳಿಗೆ ಸರೋಜಮ್ಮ ಮೊದಲ ದಿನ ಬಂದಾಗ ಕೈಯಲ್ಲಿ ಒಂದು ನೋಟ್‌ಬುಕ್ ಇತ್ತು. 69 ವರ್ಷ. ಲೆಕ್ಕಪತ್ರ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಪ್ರತಿ ಪುಟದ ನಡುವೆ ಸ್ಕೇಲಿಟ್ಟು ಗೆರೆ ಎಳೆದಿದ್ದರು. ಎಡಕ್ಕೆ ನೀಲಿ ಶಾಯಿಯಲ್ಲಿ ಹಿಂದಿನ ರಾತ್ರಿಯ ನಿದ್ದೆ, ಬಲಕ್ಕೆ ಕೆಂಪು ಶಾಯಿಯಲ್ಲಿ ಆ ದಿನದ ಮರೆವು. "4 ಗಂಟೆ 10 ನಿಮಿಷ. ಕನ್ನಡಕ ಎಲ್ಲಿಟ್ಟೆ? ಪಕ್ಕದ ಮನೆ ಮಗುವಿನ ಹೆಸರು. ಒಲೆ ಆರಿಸಿದೆನೋ ಇಲ್ಲವೋ (ಆರಿಸಿದ್ದೆ)."

ಆವರಣದೊಳಗಿನ ಆ "ಆರಿಸಿದ್ದೆ" ನೋಡಿ ನನಗೆ ಅರ್ಧ ಧೈರ್ಯ ಬಂತು. ಮರೆಗುಳಿ ಕಾಯಿಲೆ ಮುಂದುವರಿದವರು ತಮ್ಮ ಮರೆವಿನ ಲೆಕ್ಕವನ್ನು ಇಷ್ಟು ಅಚ್ಚುಕಟ್ಟಾಗಿ ಇಡುವುದು ಅಪರೂಪ. ಆ ಧೈರ್ಯವನ್ನು ತಕ್ಷಣ ಬಾಯಿಬಿಟ್ಟು ಹೇಳಿದ್ದೇ ನಾನು ಮಾಡಿದ ತಪ್ಪು.

"ನಿಮಗೇನೂ ಆಗಿರಲಿಕ್ಕಿಲ್ಲ ಅಮ್ಮ" ಅಂದೆ. ಅವರು ನೋಟ್‌ಬುಕ್ ಮುಚ್ಚಿದರು.

"ನಮ್ಮನೆಯವರಿಗೂ ಮೊದಮೊದಲು ಎಲ್ಲರೂ ಹೀಗೇ ಅಂದಿದ್ದು ಮೇಡಂ. ಅರವತ್ತಕ್ಕೆ ಅರಳು ಮರಳು, ಬಿಡಿ ಅಂದ್ರು."

ಗಂಡನಿಗೆ ಅಲ್ಝೈಮರ್ಸ್ ಎಂಬ ಮರೆಗುಳಿ ಕಾಯಿಲೆ ಇತ್ತು. ಏಳು ವರ್ಷ ಇವರೊಬ್ಬರೇ ನೋಡಿಕೊಂಡರು. ಅವರು ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಈ ಕಾಯಿಲೆಯಲ್ಲಿ ಮೆದುಳಿನೊಳಗೆ ಹಗಲು ರಾತ್ರಿ ತಿಳಿಸುವ ಗಡಿಯಾರವೇ ಕೆಡುವುದುಂಟು. ಆತ ರಾತ್ರಿ ಎರಡೂಕಾಲರ ಹೊತ್ತಿಗೆ ಎದ್ದು "ಆಫೀಸಿಗೆ ಹೊತ್ತಾಯ್ತು" ಎಂದು ಬಾಗಿಲಿಗೆ ಹೋಗುತ್ತಿದ್ದರು. ಕೈಗೆ ಎಟುಕದಿರಲಿ ಎಂದು ಬಾಗಿಲ ಮೇಲ್ತುದಿಗೆ ಒಂದು ಚಿಲಕ ಹಾಕಿಸಿದ್ದರು. ಅದನ್ನು ತಡಕಾಡುವ ಬೆರಳಿನ ಸದ್ದಿಗೆ ಸರೋಜಮ್ಮ ಏಳುತ್ತಿದ್ದರು. ಈಗ ಸದ್ದಿಲ್ಲ, ಆದರೂ ಎರಡೂಕಾಲಿಗೆ ಎಚ್ಚರವಾಗುತ್ತದೆ.

ಇದರ ಮೇಲೆ ಮಗಳು, ಅಮ್ಮನ ಮೇಲಿನ ಕಾಳಜಿಗೇ, ಒಂದು ಸುದ್ದಿ ಓದಿ ಹೇಳಿದ್ದಳು: ಆರು ಗಂಟೆಗಿಂತ ಕಡಿಮೆ ಮಲಗುವವರಿಗೆ ಡಿಮೆನ್ಷಿಯಾ (ಮರೆಗುಳಿ ಕಾಯಿಲೆ) ಅಪಾಯ ಶೇ 30 ಹೆಚ್ಚು. ಜೊತೆಗೆ ನಿದ್ದೆ ಅಳೆಯುವ ಕೈಗಡಿಯಾರ ಬೇರೆ ತಂದುಕೊಟ್ಟಳು. ಅಲ್ಲಿಂದ ಅಮ್ಮ ರಾತ್ರಿ ಎದ್ದಾಗಲೆಲ್ಲ ಗಡಿಯಾರ ನೋಡಿ, ಬೆಳಗಿನವರೆಗೆ ಇನ್ನೆಷ್ಟು ಗಂಟೆ ಉಳಿಯಿತು ಎಂದು ಕಳೆಯುವ ಲೆಕ್ಕ ಮಾಡತೊಡಗಿದರು. ಲೆಕ್ಕ ಮಾಡುತ್ತಾ ನಿದ್ದೆ ಹೋದವರನ್ನು ನಾನಂತೂ ಕಂಡಿಲ್ಲ.

ಎರಡನೆಯ ಭೇಟಿಯಲ್ಲಿ ಸಮಾಧಾನ ಹೇಳುವುದನ್ನು ಬಿಟ್ಟು ಆ ಅಂಕಿಯನ್ನೇ ಮೇಜಿನ ಮೇಲಿಟ್ಟೆ. ಅದು ಸುಳ್ಳಲ್ಲ. ಬ್ರಿಟನ್ನಿನ ಸರ್ಕಾರಿ ನೌಕರರನ್ನು ಹಿಂಬಾಲಿಸಿದ ವೈಟ್‌ಹಾಲ್ ಅಧ್ಯಯನದಿಂದ 2021ರಲ್ಲಿ ಬಂದದ್ದು. 7,959 ಜನ, ಸುಮಾರು 25 ವರ್ಷ. ಅವರಲ್ಲಿ 521 ಜನರಿಗೆ ಡಿಮೆನ್ಷಿಯಾ ಬಂತು. 50, 60, 70ರ ವಯಸ್ಸಿನಲ್ಲಿ ಉದ್ದಕ್ಕೂ ಆರು ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗಿದವರಿಗೆ, ಏಳು ಗಂಟೆ ಮಲಗಿದವರಿಗಿಂತ ಅಪಾಯ ಶೇ 30 ಹೆಚ್ಚು ಕಂಡಿತು. "ಒಟ್ಟು ಜನರಲ್ಲಿ ಶೇಕಡಾ ಎಷ್ಟಾಯಿತು, ನೀವೇ ನೋಡಿ" ಅಂದೆ. ನೋಟ್‌ಬುಕ್‌ನ ಹಿಂಬದಿಯಲ್ಲಿ ಭಾಗಾಕಾರ ಮಾಡಿ, "ಆರೂವರೆ" ಅಂದರು. ಕ್ಯಾಲ್ಕ್ಯುಲೇಟರ್ ಕೇಳಲಿಲ್ಲ. ಅಂದರೆ ನೂರರಲ್ಲಿ ಆರು ಜನಕ್ಕೆ ಬರುವ ಕಡೆ ಸುಮಾರು ಎಂಟು ಜನಕ್ಕೆ. "ಮೂವತ್ತು ಅಂದ್ರೆ ನೂರಕ್ಕೆ ಮೂವತ್ತು ಜನ ಅಂದ್ಕೊಂಡಿದ್ದೆ" ಎಂದು ಅವರು ಪೆನ್ನು ಕೆಳಗಿಟ್ಟರು.

ಉಳಿದದ್ದನ್ನೂ ಮುಚ್ಚಿಡಲಿಲ್ಲ. ಗಾಢ ನಿದ್ದೆಯಲ್ಲಿ ಮೆದುಳು ತನ್ನ ಕಸ ತೊಳೆದುಕೊಳ್ಳುತ್ತದೆ ಎಂಬ ಮಾತು 2013ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗದಿಂದ ಬಲ ಪಡೆಯಿತು. ಒಂದೇ ರಾತ್ರಿ ನಿದ್ದೆಗೆಟ್ಟ 20 ಆರೋಗ್ಯವಂತರ ಮೆದುಳಿನಲ್ಲಿ ಅಮೈಲಾಯ್ಡ್ (ಅಲ್ಝೈಮರ್ಸ್‌ನಲ್ಲಿ ಮೆದುಳಿನೊಳಗೆ ಕೂಡುವ ಪ್ರೋಟೀನ್) ಹೆಚ್ಚಿದ್ದನ್ನು 2018ರಲ್ಲಿ ಸ್ಕ್ಯಾನ್ ಮಾಡಿ ತೋರಿಸಿದರು. ಆದರೆ ಮೆದುಳು ನಿಜಕ್ಕೂ ನಿದ್ದೆಯಲ್ಲೇ ಹೆಚ್ಚು ತೊಳೆದುಕೊಳ್ಳುತ್ತದೆಯೇ ಎಂದು ವಿಜ್ಞಾನಿಗಳು ಇನ್ನೂ ವಾದಿಸುತ್ತಿದ್ದಾರೆ. ಇನ್ನೊಂದು ತೊಡಕು: ಅಲ್ಝೈಮರ್ಸ್‌ನ ಅಮೈಲಾಯ್ಡ್ ಲಕ್ಷಣ ಕಾಣುವ 15-20 ವರ್ಷ ಮೊದಲೇ ಕೂಡಲು ಶುರುವಾಗುತ್ತದೆ. ಹಾಗಾಗಿ ಕೆಟ್ಟ ನಿದ್ದೆಯಿಂದ ಕಾಯಿಲೆಯೋ, ಒಳಗೇ ಶುರುವಾದ ಕಾಯಿಲೆಯಿಂದ ಕೆಟ್ಟ ನಿದ್ದೆಯೋ ಎಂದು ಬಿಡಿಸಿ ಹೇಳುವುದು ಕಷ್ಟ. 2024ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗ ಪಟ್ಟಿಮಾಡಿದ, ಡಿಮೆನ್ಷಿಯಾದ ಬದಲಿಸಬಹುದಾದ 14 ಅಪಾಯಕಾರಣಗಳಲ್ಲಿ ನಿದ್ದೆ ಇಲ್ಲ. ಕಿವಿ ಮಂದವಾಗುವುದಿದೆ, ರಕ್ತದೊತ್ತಡ ಇದೆ, ಒಂಟಿತನ ಇದೆ. ನನ್ನ ಪ್ರಶ್ನೆಗಳನ್ನು ಸರೋಜಮ್ಮ ಎರಡೆರಡು ಸಲ ಕೇಳಿಸಿಕೊಳ್ಳುತ್ತಿದ್ದುದು ಆಗ ನನ್ನ ಗಮನಕ್ಕೆ ಬಂತು. ಕಿವಿ ಪರೀಕ್ಷೆಗೆ ಬರೆದುಕೊಟ್ಟೆ.

ವೈದ್ಯರ ಹತ್ತಿರ ಕಳಿಸದೆ ಇಂಥ ಪ್ರಕರಣದಲ್ಲಿ ನಾನು ಮುಂದುವರಿಯುವುದಿಲ್ಲ. ಥೈರಾಯ್ಡ್, ಬಿ12, ಖಿನ್ನತೆ, ನೆನಪಿನ ಪರೀಕ್ಷೆ ಎಲ್ಲ ಆಯಿತು. ಬಿ12 ಕಡಿಮೆ ಇತ್ತು, ಚಿಕಿತ್ಸೆ ಶುರುವಾಯಿತು. ನೆನಪು ವಯಸ್ಸಿಗೆ ತಕ್ಕಂತಿತ್ತು. ಗೊರಕೆಯ ನಡುವೆ ಉಸಿರು ನಿಲ್ಲುತ್ತದೆಯೇ ಎಂದು ಮಗಳು ಎರಡು ರಾತ್ರಿ ಕಾದು ನೋಡಿದಳು, ಹಾಗೇನೂ ಕಾಣಲಿಲ್ಲ. ಕಂಡಿದ್ದರೆ ನಿದ್ದೆಯ ಪರೀಕ್ಷೆಗೇ ಕಳಿಸುತ್ತಿದ್ದೆವು.

ಮಾತ್ರೆಯ ವಿಷಯ ಮಾತ್ರ ಮೂರನೆಯ ಭೇಟಿಯವರೆಗೆ ಹೊರಬರಲಿಲ್ಲ. ಗಂಡನಿಗೆ ಬರೆದುಕೊಟ್ಟಿದ್ದ ನಿದ್ದೆ ಮಾತ್ರೆ ಉಳಿದಿತ್ತಂತೆ. "ತೀರಾ ಆಗದ ದಿನ ಅರ್ಧ" ತೆಗೆದುಕೊಳ್ಳುತ್ತಿದ್ದರು. ನೆನಪಿದ್ದಷ್ಟು ಮಾತ್ರೆಯ ರಾತ್ರಿಗಳಿಗೆ ಒಂದು ಸುತ್ತು ಹಾಕಲು ಹೇಳಿದೆ. ಹಾಕುತ್ತಾ ಹೋದಂತೆ ಅವರ ಹುಬ್ಬು ಮೇಲೇರಿತು. ಸುತ್ತು ಬಿದ್ದ ಸಾಲುಗಳಲ್ಲಿ ನೀಲಿ ಆರು, ಆರೂವರೆ ಗಂಟೆ. ಆದರೆ ಕೆಂಪು ಸಾಲು ಉಳಿದ ದಿನಗಳಿಗಿಂತ ಉದ್ದ. ಆ ಗುಂಪಿನ ಮಾತ್ರೆಗಳ ಮಂಪರು ವಯಸ್ಸಾದವರಲ್ಲಿ ಮರುದಿನಕ್ಕೂ ಉಳಿಯುತ್ತದೆ, ಮರೆವು ತರುತ್ತದೆ, ಬೀಳುವ ಅಪಾಯ ಹೆಚ್ಚಿಸುತ್ತದೆ. ಅಂಗಡಿಯಲ್ಲಿ ಸಿಗುವ, ನಿದ್ದೆ ಬರಿಸುವ ಅಲರ್ಜಿ ಮಾತ್ರೆಗಳಲ್ಲಿ ಕೆಲವೂ ಹಾಗೆಯೇ. ನಿದ್ದೆ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬಾರದು. ವೈದ್ಯರು ವಾರಗಟ್ಟಲೆ ಇಳಿಸುತ್ತಾ ಬಂದು ಬಿಡಿಸಿದರು.

ನಂತರ ಹಾಸಿಗೆಯ ವಿಚಾರ. ಒಂಬತ್ತಕ್ಕೆ ಮಲಗಿ ಆರಕ್ಕೆ ಏಳುತ್ತಿದ್ದರು: ಒಂಬತ್ತು ಗಂಟೆ ಹಾಸಿಗೆ, ನಾಲ್ಕೂವರೆ ಗಂಟೆ ನಿದ್ದೆ. ಹನ್ನೆರಡಕ್ಕೆ ಮಲಗಿ, ಐದೂವರೆಗೆ ಏನೇ ಆದರೂ ಏಳಿ ಅಂದೆ.

"ಕಡಿಮೆ ನಿದ್ದೆ ಅಪಾಯ ಅಂತ ಹೆದರಿ ಬಂದವಳಿಗೆ ಇನ್ನೂ ಕಡಿಮೆ ಮಲಗು ಅಂತೀರಲ್ಲ!"

ನ್ಯಾಯವಾದ ಸಿಟ್ಟು. ಚೂರುಚೂರಾದ ನಿದ್ದೆಯನ್ನು ಒಟ್ಟುಗೂಡಿಸಲು ಹಾಸಿಗೆಯ ಹೊತ್ತನ್ನು ಮೊದಲು ಕುಗ್ಗಿಸಿ, ನಿದ್ದೆ ಗಟ್ಟಿಯಾದಂತೆ ಕಾಲುಕಾಲು ಗಂಟೆ ಹಿಗ್ಗಿಸುವುದು ಮಾತ್ರೆಯಿಲ್ಲದ ಚಿಕಿತ್ಸೆಯ ಒಂದು ಮುಖ್ಯ ಭಾಗ. ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಕೊಡಬೇಕಾದದ್ದು ಈ ಚಿಕಿತ್ಸೆಯೇ. ವಯಸ್ಸಾದವರಲ್ಲಿ ಹಾಸಿಗೆಯ ಹೊತ್ತನ್ನು ಐದು ಗಂಟೆಗಿಂತ ಕೆಳಗೆ ನಾನು ಇಳಿಸುವುದಿಲ್ಲ, ಮತ್ತು ಮೊದಲ ವಾರಗಳ ತೂಕಡಿಕೆಯಲ್ಲಿ ಎಡವದಂತೆ ಎಚ್ಚರ ಹೇಳುತ್ತೇನೆ. ಎಚ್ಚರವಾಗಿ ಬಹಳ ಹೊತ್ತಾಯಿತು ಅನ್ನಿಸಿದರೆ ಎದ್ದು, ಮಂದ ಬೆಳಕಲ್ಲಿ ಕುರ್ಚಿಯಲ್ಲಿ ಕೂರಬೇಕು. ಬೆಳಿಗ್ಗೆ ಎದ್ದೊಡನೆ ಬಿಸಿಲಿಗೆ ಹೋಗಬೇಕು. ಗೋಡೆ ಗಡಿಯಾರ ಇಳಿಯಿತು, ಕೈಗಡಿಯಾರ ಮಗಳ ಡ್ರಾಯರ್ ಸೇರಿತು.

"ಎರಡೂಕಾಲಿಗೆ ಎದ್ದಾಗ ಮೊದಲು ಏನು ಮಾಡ್ತೀರಿ?" ಎಂದು ಕೇಳಿದ್ದು ಐದನೆಯ ಭೇಟಿಯಲ್ಲಿ. ಮೊದಲ ದಿನವೇ ಕೇಳಬೇಕಿತ್ತು.

"ಚಿಲಕ ಮುಟ್ಟಿ ನೋಡ್ತೀನಿ."

ಸ್ವಲ್ಪ ಹೊತ್ತು ಬಿಟ್ಟು ಹೇಳಿದರು. ಒಂದು ರಾತ್ರಿ ಆಯಾಸಕ್ಕೆ ಗಾಢ ನಿದ್ದೆ ಬಂದುಬಿಟ್ಟಿತ್ತು. ಚಿಲಕ ಹಾಕಿರಲಿಲ್ಲ. ಆತ ಹೊರಗೆ ಹೋಗಿ ಮೆಟ್ಟಿಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮತ್ತೆ ಎದ್ದು ಓಡಾಡಲಿಲ್ಲ. "ನಾನು ನಿದ್ದೆ ಮಾಡಿದ್ದಕ್ಕೆ ಅವರು ಬಿದ್ರು. ಈಗ ಮಾಡದಿದ್ರೆ ನನ್ನ ತಲೆ ಹೋಗತ್ತೆ. ಯಾವ್ದು ಮಾಡ್ಲಿ ಮೇಡಂ?"

ಆ ದಿನ ಸಲಹೆ ಏನೂ ಕೊಡಲಿಲ್ಲ. ಮುಂದಿನ ನಾಲ್ಕು ಭೇಟಿಗಳಲ್ಲಿ ನಿದ್ದೆಯ ಮಾತು ಕಡಿಮೆ, ಆ ಮೆಟ್ಟಿಲಿನ ಮಾತು ಹೆಚ್ಚು. ಏಳು ವರ್ಷ, ಎರಡೂವರೆ ಸಾವಿರ ರಾತ್ರಿ ಒಬ್ಬರೇ ಕಾದಿದ್ದನ್ನು ಅವರು ಯಾವ ಪುಟದಲ್ಲೂ ಬರೆದಿರಲಿಲ್ಲ; ಕೂಡಿ ಲೆಕ್ಕ ಹಾಕಿಸಿದೆ. ಚಿಲಕಕ್ಕೆ ಒಂದು ಒಪ್ಪಂದ ಮಾಡಿಕೊಂಡೆವು: ಮಲಗುವ ಮುನ್ನ ಒಮ್ಮೆ ಮುಟ್ಟಿ, "ಹಾಕಿದೆ" ಎಂದು ಜೋರಾಗಿ ಹೇಳುವುದು. ರಾತ್ರಿ ಎದ್ದರೆ ಕುರ್ಚಿಗೆ, ಬಾಗಿಲಿಗಲ್ಲ.

ಮಗಳನ್ನು ಬೇರೆಯಾಗಿ ಕೂರಿಸಿ ಹೇಳಿದೆ. ಬೆಳಿಗ್ಗೆ ಎದ್ದೊಡನೆ "ಎಷ್ಟು ಗಂಟೆ ನಿದ್ದೆ ಬಂತಮ್ಮ?" ಎಂದು ಕೇಳಬೇಡ. ಕನ್ನಡಕ ಹುಡುಕಿದರೆ ಗಾಬರಿಯಾಗಬೇಡ. ದಿನವೂ ಓಡಾಡುವ ದಾರಿ ತಪ್ಪಿದರೆ, ಹಣದ ಲೆಕ್ಕದಲ್ಲಿ ಎಡವತೊಡಗಿದರೆ, ಒಂದೇ ಪ್ರಶ್ನೆಯನ್ನು ಗಳಿಗೆಗೊಮ್ಮೆ ಕೇಳಿದರೆ, ಕನಸಿನಲ್ಲಿ ಕೂಗಿ ಕೈಕಾಲು ಬಡಿದರೆ ಕಾಯದೆ ವೈದ್ಯರಿಗೆ ತೋರಿಸು. ವಾರಕ್ಕೆ ಎರಡು ಸಂಜೆ ಅಮ್ಮನನ್ನು ಜನರಿರುವ ಕಡೆ ಕರೆದುಕೊಂಡು ಹೋಗು.

ಹನ್ನೊಂದನೆಯ ವಾರಕ್ಕೆ ನಿದ್ದೆ ಹೆಚ್ಚಿನ ರಾತ್ರಿ ಐದೂಮುಕ್ಕಾಲು ಗಂಟೆಗೆ ಬಂದಿತ್ತು. ಆರು ಮುಟ್ಟಿಲ್ಲ, ಅದಕ್ಕೆ ಅವರೂ ಈಗ ತಲೆ ಕೆಡಿಸಿಕೊಳ್ಳುತ್ತಿಲ್ಲ. ವಾರದಲ್ಲಿ ಎರಡು ಸಲವಾದರೂ ಎರಡೂಕಾಲಿಗೆ ಎಚ್ಚರವಾಗುತ್ತದೆ. ಶ್ರವಣಯಂತ್ರ ಹಾಕಿಕೊಂಡಿದ್ದಾರೆ, ಅದರ ಕಿರಿಕಿರಿಯ ಬಗ್ಗೆ ಬಂದಾಗಲೆಲ್ಲ ಹತ್ತು ನಿಮಿಷ ಬೈಯುತ್ತಾರೆ. ವರ್ಷ ತುಂಬಿದ ಮೇಲೆ ನೆನಪಿನ ಪರೀಕ್ಷೆ ಮತ್ತೊಮ್ಮೆ ಮಾಡಿಸಬೇಕು. ಮರೆಗುಳಿ ಕಾಯಿಲೆ ಮುಂದೆ ಬರುವುದೇ ಇಲ್ಲ ಎಂದು ಭರವಸೆ ಕೊಡಲು ನನ್ನಿಂದಾಗದು ಎಂದಾಗ, "ಗೊತ್ತು, ಆರೋ ಎಂಟೋ" ಎಂದು ನಕ್ಕರು.

ಚಿಲಕ ಇನ್ನೂ ಬಾಗಿಲ ಮೇಲ್ತುದಿಯಲ್ಲೇ ಇದೆ. ತೆಗೆಸುತ್ತೀರಾ ಎಂದು ನಾನು ಕೇಳಿಲ್ಲ.