ಅಯಸ್ಕಾಂತಕ್ಕೆ ಅಂಟದ ರೂಪಾಯಿ

ಓದುಗರ ಪತ್ರ: ಅಜ್ಜಿಯ ಟ್ರಂಕಿನಲ್ಲಿ ಸಿಕ್ಕ ರೂಪಾಯಿ ನಾಣ್ಯಗಳಿಗೆ ಫ್ರಿಜ್ ಬಾಗಿಲಿನ ಮ್ಯಾಗ್ನೆಟ್ ಹಿಡಿದು ನೋಡಿದೆ. 1942ರದ್ದು ಅಂಟಲಿಲ್ಲ. 1950ರದ್ದು ಅಂಟಿತು. 1985ರದ್ದು ಅಂಟಲಿಲ್ಲ, 1995ರದ್ದು ಮತ್ತೆ ಅಂಟಿತು. ಹಾಗಾದರೆ ಗಣರಾಜ್ಯದ ಮೊದಲ ವರ್ಷವೇ ನಮಗೆ ಕಬ್ಬಿಣ ಕೊಟ್ಟು ಕೈತೊಳೆದುಕೊಂಡರೆ? ಲೋಹ ಕೀಳಾದದ್ದಕ್ಕೇ ರೂಪಾಯಿಯ ಬೆಲೆ ಬಿತ್ತೆ? ಇವನ್ನೆಲ್ಲ ಗುಜರಿಯವನಿಗೆ ಹಾಕಬಹುದೆ?
– ಓದುಗರೊಬ್ಬರು, ತ್ಯಾಗರಾಜನಗರ, ಬೆಂಗಳೂರು

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿದ ಸಂಜೆ ನಾನೂ ಮನೆಯ ದೇವರ ಗೂಡಿನ ಡಬ್ಬಿ ಸುರಿದುಕೊಂಡು ಕೂತೆ. ನಿಮ್ಮ ಲೆಕ್ಕವೆಲ್ಲ ಸರಿಯಾಗಿದೆ, ಸಂಶಯವೊಂದೇ ತಪ್ಪು. ಅಯಸ್ಕಾಂತಕ್ಕೆ ಅಂಟಿದ್ದೆಲ್ಲ ಕಬ್ಬಿಣವಲ್ಲ, ನಿಕ್ಕಲ್ ಕೂಡ ಅಂಟುತ್ತದೆ. 1950ರ ರೂಪಾಯಿ ಅಪ್ಪಟ ನಿಕ್ಕಲ್. ಅದರಲ್ಲಿರುವ ಲೋಹವನ್ನು ಈಗಿನ ದರದಲ್ಲಿ ಕೊಳ್ಳಹೋದರೆ ಹತ್ತು ರೂಪಾಯಿಗೂ ಮೀರುತ್ತದೆ. ಮೋಸ ಎಲ್ಲಿ ಬಂತು? 1985ರದ್ದರಲ್ಲಿ ಮುಕ್ಕಾಲು ಪಾಲು ತಾಮ್ರ, ಕಾಲು ಪಾಲು ನಿಕ್ಕಲ್. ತಾಮ್ರ ಅಷ್ಟು ಸೇರಿದರೆ ನಿಕ್ಕಲ್ಲಿನ ಆ ಗುಣ ಅಡಗಿಹೋಗುತ್ತದೆ. 1995ರದ್ದು ಸ್ಟೇನ್‌ಲೆಸ್ ಸ್ಟೀಲ್. ಅಲ್ಲಿ ಮಾತ್ರ ನೀವು ಹುಡುಕುತ್ತಿದ್ದ ಕಬ್ಬಿಣ ಇದೆ.

ಉಳಿದದ್ದು 1942ರದ್ದು. ನಾಲ್ಕರಲ್ಲಿ ಕಥೆ ಇರುವುದು ಅದರಲ್ಲೇ. 1835ರಿಂದ ಕಂಪನಿ ಸರ್ಕಾರದ ರೂಪಾಯಿ ಎಂದರೆ ಒಂದು ತೊಲ ತೂಕ, 11.66 ಗ್ರಾಂ. ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. ನೂರು ವರ್ಷ ಅದನ್ನು ಯಾರೂ ಅಲುಗಾಡಿಸಲಿಲ್ಲ. ಅಂಗಡಿಯಲ್ಲಿ ಅದನ್ನೇ ತೂಕದ ಬಟ್ಟಾಗಿ ಇಟ್ಟುಕೊಳ್ಳುತ್ತಿದ್ದರು. ಎರಡನೇ ಮಹಾಯುದ್ಧ ಶುರುವಾದದ್ದೇ ತಡ, ಜನ ಬೆಳ್ಳಿ ರೂಪಾಯಿಯನ್ನು ಬಚ್ಚಿಡತೊಡಗಿದರು. 1940ರಲ್ಲಿ ಸರ್ಕಾರ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು: 50 ಪಾಲು ಬೆಳ್ಳಿ, 40 ತಾಮ್ರ, ಐದೈದು ನಿಕ್ಕಲ್ ಮತ್ತು ಸತು. ತೂಕ ಅದೇ, ಗಾತ್ರ ಅದೇ, ಮೇಲೆ ಅದೇ ರಾಜನ ತಲೆ. ನಿಮ್ಮ ನಾಣ್ಯದ ಅಂಚನ್ನು ಬೆಳಕಿಗೆ ಹಿಡಿಯಿರಿ. ಹಲ್ಲು ಹಲ್ಲಾದ ಗೆರೆಗಳ ನಡುವೆ ಸುತ್ತಲೂ ಒಂದು ಸಣ್ಣ ಕಾಲುವೆ ಕಾಣಬೇಕು. ಖೋಟಾ ಹುಯ್ಯುವವರ ಕೈಗೆ ಸಿಗದಿರಲಿ ಎಂದು ಆಗ ಮಾಡಿದ ಉಪಾಯ ಅದು.

ಜನ ಏನು ಮಾಡಿದರು ಎಂಬುದು ಎಲ್ಲರ ಮನೆಯ ಕಥೆ. ಹಳೆಯದು ಕಾಲ್ಗೆಜ್ಜೆಗೆ ಹೋಯಿತು, ಹೊಸದು ತರಕಾರಿಗೆ. ಒಂದೇ ಬೆಲೆಯ ಎರಡು ನಾಣ್ಯ ಕೈಗೆ ಬಂದಾಗ ಕೀಳಾದದ್ದನ್ನೇ ಮೊದಲು ದಾಟಿಸುವ ಬುದ್ಧಿಯನ್ನು ನಮ್ಮ ಅಜ್ಜಿಯರಿಗೆ ಯಾವ ಅರ್ಥಶಾಸ್ತ್ರಜ್ಞನೂ ಹೇಳಿಕೊಡಬೇಕಿರಲಿಲ್ಲ. ಅದೇ ಯುದ್ಧದಲ್ಲಿ ತಾಮ್ರಕ್ಕೂ ಬರ ಬಂದು, 1943ರಲ್ಲಿ ಕಾಸಿನ ನಡುವೆ ತೂತು ಕೊರೆದು ಹೊರಡಿಸಿದರು. ಟ್ರಂಕಿನಲ್ಲಿ ಇನ್ನೊಮ್ಮೆ ಕೈಯಾಡಿಸಿ, ಸಿಕ್ಕರೂ ಸಿಕ್ಕೀತು.

ನಿಮ್ಮ ಎರಡನೇ ಪ್ರಶ್ನೆಯಲ್ಲಿ ಬಂಡಿಯ ಹಿಂದೆ ಎತ್ತು ಕಟ್ಟಿದ್ದೀರಿ. ಲೋಹ ಕೀಳಾದ್ದರಿಂದ ಈಗಿನ ರೂಪಾಯಿ ಬಿದ್ದದ್ದಲ್ಲ. ರೂಪಾಯಿ ಬಿದ್ದ ಕಾರಣ ಒಳ್ಳೆಯ ಲೋಹ ಅದರಲ್ಲಿ ನಿಲ್ಲಲಾರದೆ ಹೋಯಿತು. ಹಿಂದಿನ ರಾಜರು ಚಿನ್ನಕ್ಕೆ ತಾಮ್ರ ಬೆರೆಸಿದ್ದು ಬೊಕ್ಕಸ ತುಂಬಲು. ಈಗಿನ ಟಂಕಸಾಲೆ ಲೋಹ ಬದಲಿಸುವುದು ನಾಣ್ಯ ನಾಣ್ಯವಾಗಿಯೇ ಉಳಿಯಲಿ ಎಂದು. ಮುಖಬೆಲೆಗಿಂತ ಮೈಬೆಲೆ ಹೆಚ್ಚಾದ ದಿನ ಅದು ಕುಲುಮೆಯ ದಾರಿ ಹಿಡಿಯುತ್ತದೆ. ಹಾಗಾಗಿ 1992ರಲ್ಲಿ ರೂಪಾಯಿ ಉಕ್ಕಾಯಿತು. ದಪ್ಪನೆಯ ಐದು ರೂಪಾಯಿ ನೆನಪಿದೆಯಲ್ಲ? 9 ಗ್ರಾಂ ಇದ್ದದ್ದು 2007ರಲ್ಲಿ 6 ಗ್ರಾಮಿನ ಉಕ್ಕಾಯಿತು. ತಮಾಷೆಯೆಂದರೆ ಉಕ್ಕಿನದ್ದೂ ಬದುಕಲಿಲ್ಲ. ಚಿಲ್ಲರೆ ನಾಣ್ಯಗಳು ಬಾಂಗ್ಲಾದೇಶಕ್ಕೆ ಸಾಗಿ ಗಡ್ಡ ಹೆರೆಯುವ ಬ್ಲೇಡ್ ಆಗುತ್ತಿವೆ ಎಂಬ ವರದಿಗಳು ಅದೇ ವರ್ಷ ಬಂದವು.

ಲೋಹ ಬದಲಾದರೆ ಟಂಕಸಾಲೆಯ ಒಳಗೆ ಎಲ್ಲವೂ ಬದಲಾಗುತ್ತದೆ. ಬೆಳ್ಳಿ ಮೆತ್ತಗಿನದು, ಅಚ್ಚಿನ ಮೂಲೆಮೂಲೆಗೂ ಹರಿಯುತ್ತದೆ. ಉಕ್ಕು ಹಟಮಾರಿ. ಬಿಲ್ಲೆಯನ್ನು ಕಾಯಿಸಿ ಹದ ಮಾಡಿದರೂ ಹೆಚ್ಚು ಒತ್ತಡ ಬೇಕು, ಅಚ್ಚು ಬೇಗ ಸವೆಯುತ್ತದೆ. ಅಚ್ಚು ಉಳಿಸಲು ಚಿತ್ರವನ್ನೇ ಚಪ್ಪಟೆ ಮಾಡಬೇಕಾಗುತ್ತದೆ. ನಿಮ್ಮ 1950ರ ರೂಪಾಯಿಯ ಗೋಧಿ ತೆನೆಯ ಮೇಲೆ ಬೆರಳಾಡಿಸಿ, ಕಾಳು ಕಾಳಾಗಿ ಸಿಗುತ್ತದೆ. ಈಗಿನ ರೂಪಾಯಿಯಲ್ಲಿ ಅಂಕಿಯೂ ನುಣುಪಾಗಿ ಜಾರುತ್ತದೆ. ಕಡಪಾ ಕಲ್ಲಿನ ಮೇಲೆ ಎರಡನ್ನೂ ಬೀಳಿಸಿದೆ. ಒಂದು ಠಣ್ ಎಂದು ಉಲಿಯಿತು, ಇನ್ನೊಂದು ಟಕ್ ಎಂದು ಸುಮ್ಮನಾಯಿತು. (ನಮ್ಮ ಬೆಂಗಳೂರಲ್ಲೂ ಒಂದು ಟಂಕಸಾಲೆ ಇತ್ತು, 1843ರಲ್ಲಿ ಮುಚ್ಚಿದರು. ಈಗ ವರ್ಷದ ಕೆಳಗೆ ಪುಟ್ಟ ನಕ್ಷತ್ರ ಇದ್ದರೆ ಆ ನಾಣ್ಯ ಹೈದರಾಬಾದಿನದು.)

ನನಗೆ ಸಿಟ್ಟಿರುವುದು ಲೋಹದ ಮೇಲಲ್ಲ, ಗಾತ್ರದ ಮೇಲೆ. 1995ರ ನಿಮ್ಮ ರೂಪಾಯಿಯ ಮೇಲೆ 2011ರಿಂದ 2018ರವರೆಗಿನ ಎರಡು ರೂಪಾಯಿ ಇಟ್ಟು ಅಂಚಿಗೆ ಉಗುರು ಎಳೆಯಿರಿ. ಎಲ್ಲೂ ತಡೆಯುವುದಿಲ್ಲ. ಎರಡೂ 25 ಮಿಲಿಮೀಟರ್, 4.85 ಗ್ರಾಂ, ಅದೇ ಉಕ್ಕು. ಹಳೆಯ ಉಕ್ಕಿನ ಐವತ್ತು ಪೈಸೆಯ ಮೇಲೆ ಆ ಎರಡು ರೂಪಾಯಿಯ ಕಾಲದ ಒಂದು ರೂಪಾಯಿ ಇಡಿ, ಮತ್ತೆ ಅದೇ ಕಥೆ: 3.79 ಗ್ರಾಂ. ಅಣ್ಣ ತಮ್ಮನ ಅಂಗಿ ತೊಟ್ಟಂತೆ ಒಂದೊಂದೂ ಒಂದು ಮೆಟ್ಟಿಲು ಕೆಳಗಿಳಿದು ಕೂತಿದೆ. ಲೋಹ ಉಳಿಯಿತು, ನಿಜ. ಆದರೆ ನೂಕುನುಗ್ಗಲಿನ ಬಸ್ಸಿನಲ್ಲಿ ಚೀಲದೊಳಗೆ ಬೆರಳಲ್ಲೇ ಲೆಕ್ಕ ಮಾಡುವ ಕಂಡಕ್ಟರ್, ಕಣ್ಣು ಕಾಣದವರು, ಹೂವಿನ ಬುಟ್ಟಿಯ ಮುಂದೆ ಕೂತ ಅಜ್ಜಿ, ಇವರೆಲ್ಲ ಅದಕ್ಕೆ ತೆತ್ತರು. ಹನ್ನೊಂದು ಮೂಲೆಯ ಹಳೆಯ ಎರಡು ರೂಪಾಯಿಯನ್ನು ಕತ್ತಲಲ್ಲೂ ಗುರುತಿಸಬಹುದಿತ್ತು. 2019ರಲ್ಲಿ ಹನ್ನೆರಡು ಮೂಲೆಯ ಇಪ್ಪತ್ತು ರೂಪಾಯಿ ತಂದರಲ್ಲ, ಆ ಬುದ್ಧಿ ಇನ್ನಷ್ಟು ಮುಂಚೆ ಬರಬೇಕಿತ್ತು.

ಗುಜರಿಯ ಮಾತು. ಚಲಾವಣೆಯಲ್ಲಿರುವ ನಾಣ್ಯ ಕರಗಿಸುವುದು 2011ರ ನಾಣ್ಯ ಕಾಯ್ದೆಯಲ್ಲಿ ಜೈಲಿಗೆ ಕಳಿಸುವ ಅಪರಾಧ, ಆ ಯೋಚನೆ ಬೇಡ. 1942ರದ್ದನ್ನು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಕಪ್ಪಾಗಿದ್ದರೆ ಇರಲಿ, ಒಂದು ಹತ್ತಿಬಟ್ಟೆಯಲ್ಲಿ ಸುತ್ತಿ ಟ್ರಂಕಿಗೇ ಹಾಕಿಬಿಡಿ.