ಪ್ರತಿಕ್ರಿಯೆ: ಸ್ಪ್ರಿಂಗ್ ಪ್ಯಾಡ್ ಮೊದಲೇ ಫುಲ್ ವೆಲ್ಡ್ ಮಾಡಬಹುದಾ?

ಲೀಫ್ ಸ್ಪ್ರಿಂಗ್ ಗಾಡಿಗೆ ಬೇರೆ ಹಿಂದಿನ ಆಕ್ಸಲ್ ಹಾಕ್ತಿದ್ದೀರಿ, ಸ್ಪ್ರಿಂಗ್ ಪ್ಯಾಡ್‌ಗಳನ್ನು (ಸ್ಪ್ರಿಂಗ್ ಕೂರಲು ಆಕ್ಸಲ್ ಟ್ಯೂಬ್‌ಗೆ ಹಾಕುವ ಪೀಠ) ಹೊರಗೇ ಪೂರ್ತಿ ವೆಲ್ಡ್ ಮಾಡಿ ಆಮೇಲೆ ಕೂರಿಸಬಹುದಾ ಅಂತ ಕೇಳಿದ್ದೀರಿ. ಬೇಡ. ಮೊದಲು ಬರೀ ಟ್ಯಾಕ್ (ಚುಕ್ಕಿಯಂಥ ಸಣ್ಣ ತಾತ್ಕಾಲಿಕ ವೆಲ್ಡ್) ಹಾಕಿ.

ಕಾರಣ ಪಿನಿಯನ್ ಆಂಗಲ್, ಅಂದರೆ ಪ್ರೊಪೆಲ್ಲರ್ ಶಾಫ್ಟ್ ಬಂದು ಸೇರುವ ಆಕ್ಸಲ್‌ನ ಮೂತಿ (ಪಿನಿಯನ್) ಎಷ್ಟು ಓರೆಯಾಗಿದೆ ಅನ್ನೋದು. ಗಾಡಿಯ ಪೂರ್ತಿ ಭಾರ ಸ್ಪ್ರಿಂಗ್ ಮೇಲೆ ಕೂತ ಮೇಲಷ್ಟೇ ಅದು ಸರಿಯಾಗಿ ಗೊತ್ತಾಗೋದು. ಜಾಕ್ ಮೇಲೆ ನೇತಾಡುವಾಗ ಅಳೆದರೆ ಲೆಕ್ಕ ತಪ್ಪುತ್ತದೆ. ಪ್ರೊಪೆಲ್ಲರ್ ಶಾಫ್ಟ್‌ನ ಎರಡೂ ತುದಿಯಲ್ಲಿ ಮಾಮೂಲಿ ಕ್ರಾಸ್ (ಒಂಟಿ ಯೂನಿವರ್ಸಲ್ ಜಾಯಿಂಟ್) ಇದ್ದರೆ ಪಿನಿಯನ್ನು ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಆಕ್ಸಲ್‌ಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಔಟ್‌ಪುಟ್‌ಗೆ ಸಮಾನಾಂತರ ಇರಲಿ. ಮೇಲ್ಗಡೆ, ಟ್ರಾನ್ಸ್‌ಫರ್ ಕೇಸ್ ತುದಿಯಲ್ಲಿ, ಡಬಲ್ ಕಾರ್ಡನ್ (ಎರಡು ಕ್ರಾಸ್ ಜೋಡಿಸಿದ ಜಾಯಿಂಟ್) ಇದ್ದರೆ ಪಿನಿಯನ್ ಮೂತಿ ನೇರ ಶಾಫ್ಟ್ ಕಡೆಗೇ ನೋಡಬೇಕು. ಎರಡರಲ್ಲೂ ಮೂತಿಯನ್ನು ಆ ಲೆಕ್ಕಕ್ಕಿಂತ 1–2 ಡಿಗ್ರಿ ಕೆಳಗಿಡಿ. ಆಕ್ಸಿಲರೇಟರ್ ಒತ್ತಿದಾಗ ಲೀಫ್ ತಿರುಚಿ ಮೂತಿ ಮೇಲೇಳುತ್ತದೆ, ಅಲ್ವಾ?

ಆಂಗಲ್ ಸಿಕ್ಕಿತಾ? ಆಕ್ಸಲ್ ಒಳಗಿನ ಶಾಫ್ಟ್, ಸೀಲ್ ಬಿಚ್ಚಿಟ್ಟು ಫುಲ್ ವೆಲ್ಡ್ ಮಾಡಿ. ಒಂದೇ ಉಸಿರಿಗೆ ಎಳೆಯಬೇಡಿ, ಟ್ಯೂಬ್ ಬಾಗುತ್ತದೆ. ಎರಡು ಮೂರು ಸೆಂಟಿಮೀಟರ್ ಎಳೆದು, ಇನ್ನೊಂದು ಬದಿಗೆ ಹೋಗಿ, ಮುಟ್ಟಿದರೆ ಸುಡದಷ್ಟು ಆರಿದ ಮೇಲೆ ಮತ್ತೆ ಬನ್ನಿ. ಅರ್ಥ್ ಕ್ಲಾಂಪ್ ಟ್ಯೂಬ್‌ಗೇ ಹಾಕಿ, ಬೇರಿಂಗ್ ಮೂಲಕ ಕರೆಂಟ್ ಹಾಯಬಾರದು. ಎರಕದ ಡಿಫರೆನ್ಷಿಯಲ್ ಹೌಸಿಂಗ್ ಮೇಲೆ ಸುಮ್ನೆ ಬ್ರಾಕೆಟ್ ಅಂಟಿಸೋ ಆಸೆ ಬೇಡ, ಬಿರುಕು ಬಿಡುತ್ತದೆ.

ಶಾಕ್ ಬ್ರಾಕೆಟ್‌ಗೆ 6 ಎಂಎಂ ಪ್ಲೇಟ್ ಸಾಕು, ಪಕ್ಕದಲ್ಲಿ ಗಸೆಟ್ (ಬಲ ಕೊಡುವ ತ್ರಿಕೋನ ತುಂಡು) ಇರಲಿ. ಇನ್ನೊಂದು, ನೀವು ಕೇಳಿಲ್ಲ: ಈ ಆಕ್ಸಲ್‌ನ ಗೇರ್ ರೇಶಿಯೋ ಮುಂದಿನ ಆಕ್ಸಲ್‌ಗೆ ಹೊಂದುತ್ತದಾ? ಹೊಂದದಿದ್ದರೆ ಫೋರ್‌ವೀಲ್ ಹಾಕುವ ಹಾಗೇ ಇಲ್ಲ.