ರಾಯಚೂರಿನ ಬೇಸಿಗೆಯಲ್ಲಿ ಹೊಸ ಗೋಲ್ಡ್‌ಫಿಶ್ ತಂದರೆ ಅಕ್ವೇರಿಯಂಗೆ ಹೊಂದಿಸುವುದು ಹೇಗೆ?

ತಂದ ಎರಡು-ಮೂರು ದಿನಕ್ಕೇ ಮೀನು ಸತ್ತರೆ ಮೊದಲು ಅನುಮಾನಿಸಬೇಕಾದದ್ದು ನೀರನ್ನು. ನಲ್ಲಿ ನೀರಾದರೆ ಕ್ಲೋರಿನ್ ಕಿವಿರು ಸುಡುತ್ತದೆ. ಆಂಟಿ-ಕ್ಲೋರಿನ್ ಹನಿ ಹಾಕಿ. ಬೋರ್‌ವೆಲ್ ನೀರು ಗಡುಸಾದರೂ ಗೋಲ್ಡ್‌ಫಿಶ್ ಸಹಿಸುತ್ತದೆ, ಸಹಿಸದಿರುವುದು ದಿಢೀರ್ ಬದಲಾವಣೆ. ಬರೀ ಆರ್‌ಓ ನೀರು ಬೇಡ, ಅದರಲ್ಲಿ ಲವಣಗಳು ತೀರಾ ಕಡಿಮೆ.

ಮೀನು ತಂದ ಕವರನ್ನು ಬಿಚ್ಚದೆ 15-20 ನಿಮಿಷ ಟ್ಯಾಂಕಿನಲ್ಲಿ ತೇಲಿಬಿಡಿ. ಆಮೇಲೆ ಬಿಚ್ಚಿ, 5 ನಿಮಿಷಕ್ಕೊಮ್ಮೆ ಅರ್ಧ ಲೋಟ ಟ್ಯಾಂಕ್ ನೀರನ್ನು ನಾಲ್ಕೈದು ಸಲ ಸೇರಿಸಿ. ಕೊನೆಗೆ ಬಲೆಯಲ್ಲಿ ಮೀನನ್ನಷ್ಟೇ ಎತ್ತಿ ಬಿಡಿ. ಕವರಿನ ನೀರು ಚೆಲ್ಲಿಬಿಡಿ, ಅದರಲ್ಲಿ ಅಂಗಡಿಯ ರೋಗವೂ ಬರಬಹುದು. ಅವತ್ತು ಲೈಟ್ ಬೇಡ, ಊಟವೂ ಬೇಡ. ಮೂಲೆಯಲ್ಲಿ ಸುಮ್ಮನೆ ಕೂತರೆ ಗಾಬರಿಯಾಗಬೇಡಿ. ಮರುದಿನದಿಂದ ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಿ.

ಹೊಸ ಟ್ಯಾಂಕಾದರೆ ಅಸಲಿ ಕಷ್ಟ ಇನ್ನು ಮುಂದೆ. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ಮುರಿಯುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ಬೆಳೆಯಲು 4-6 ವಾರ ಬೇಕು. ಅಲ್ಲಿತನಕ ಎರಡು ದಿನಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ. ಫಿಲ್ಟರಿನ ಸ್ಪಂಜನ್ನು ನಲ್ಲಿ ಕೆಳಗೆ ತಿಕ್ಕಬೇಡಿ, ಆ ಬ್ಯಾಕ್ಟೀರಿಯಾ ಸಾಯುತ್ತದೆ; ಟ್ಯಾಂಕಿನಿಂದ ತೆಗೆದ ನೀರಲ್ಲೇ ಅದ್ದಿ ಹಿಂಡಿ. ಗಾಜಿನ ಬೋಗುಣಿ ಮರೆತುಬಿಡಿ. ಒಂದು ಮೀನಿಗೇ 70-80 ಲೀಟರ್ ಇರಲಿ.

ಗೋಲ್ಡ್‌ಫಿಶ್‌ಗೆ ಹಿತವಾದದ್ದು 18-24 ಡಿಗ್ರಿ. ನಮ್ಮಲ್ಲಿ ಹೊರಗೆ 40 ದಾಟಿದಾಗ ಟ್ಯಾಂಕ್ ನೀರೂ ಕಾಯುತ್ತದೆ, ಕಾದ ನೀರಲ್ಲಿ ಆಮ್ಲಜನಕ ಕಡಿಮೆ. ಮೀನು ಮೇಲೆ ಬಂದು ಬಾಯಿ ಆಡಿಸುತ್ತಿದ್ದರೆ ಏರ್ ಪಂಪ್ ಜೋರು ಮಾಡಿ, ಮುಚ್ಚಳ ತೆಗೆದು ನೀರಿನ ಮೇಲೆ ಫ್ಯಾನ್ ಬೀಸಲಿ. ಐಸ್ ಸುರಿಯಬೇಡಿ. ಕರೆಂಟ್ ಹೋಗುವ ಓಣಿಯಾದರೆ ಬ್ಯಾಟರಿ ಏರ್ ಪಂಪ್ ಒಂದು ಇಟ್ಟುಕೊಳ್ಳಿ.